ಹಿತ್ತಲ ಜಗುಲಿಯ ಅಡುಗೆ

ತಿರುವನಂತಪುರದ ನಮ್ಮ ಮನೆಯಲ್ಲಿ ಎರಡು ಅಡುಗೆಮನೆಗಳಿದ್ದವು ಎಂದರೆ ಕೇಳಿದವರು ನಮ್ಮನ್ನು ಅನುಕೂಲಸ್ಥರೆಂದು ಭಾವಿಸಬಹುದು. ಆದ್ದರಿಂದ ಮೊದಲೇ ಸ್ಪಷ್ಟಪಡಿಸುತ್ತೇನೆ. ಅದು ಕೇಂದ್ರ ಸರ್ಕಾರದ ಕಚೇರಿಯೊಂದು ತನ್ನ ವಾಹನ ಚಾಲಕರಿಗೆ ಕೊಡುತ್ತಿದ್ದ ಮನೆ. ಮುಂದೊಂದು ಕೋಣೆ, ಒಳಗೊಂದು ಕೋಣೆ, ಅದರಾಚೆ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲೇ ಕಾಯಬೇಕಾದ ಅಡುಗೆಮನೆ. ಎರಡನೆಯ ಅಡುಗೆಮನೆಯೆಂದು ನಾನು ಕರೆಯುವುದು ಹಿತ್ತಲ ಕಡೆಗಿದ್ದ ಸಿಮೆಂಟಿನ ಜಗುಲಿಯನ್ನು. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಒಂದು ಸೀಮೆಎಣ್ಣೆಯ ಸ್ಟೋವ್, ತಳ ಕಪ್ಪಾದ ಅಲ್ಯೂಮಿನಿಯಂ ಪಾತ್ರೆ, ಹಲಸಿನ ಮರದ ಹಲಗೆ ಮತ್ತು ಮರದ ಹಿಡಿಯ ಒಂದು ಚಾಕು ಇದ್ದವು. ಆ ವಸ್ತುಗಳು ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ. ಒಳಗಿನ ಈಳಿಗೆ, ಪರಾತ, ರೊಟ್ಟಿಯ ಹಂಚು ಹೊರಗೆ ಹೋಗುವಂತಿರಲಿಲ್ಲ. ನನ್ನ ತಾಯಿ ಪ್ರತಿದಿನ ಬೆಳಿಗ್ಗೆ ಎರಡೂ ಕಡೆ ಅಡುಗೆ ಮಾಡುತ್ತಿದ್ದಳು. ಹೊರಗೆ ನಾಯಿಗೆ, ಒಳಗೆ ನಮಗೆ, ಎರಡರ ನಡುವೆ ಒಂದು ಸ್ನಾನ. ಹೊರಗಿನ ಅಡುಗೆ ಮಾಂಸದ್ದು. ನಮ್ಮ ಮನೆತನದಲ್ಲಿ ಅದನ್ನು ಮುಟ್ಟಿದ ಮೊದಲ ಹೆಂಗಸು ಬಹುಶಃ ಅವಳೇ.

ನಾವು ಗದಗದ ಕಡೆಯ ಲಿಂಗಾಯತರು. ಹುಟ್ಟಿದ ಕೂಸಿನ ಕೊರಳಿಗೂ ಲಿಂಗ ಕಟ್ಟುವ ಮನೆ ನಮ್ಮದು. ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಮಾಂಸ ಎಂಬ ಶಬ್ದವನ್ನೇ ಬಾಯಿಗೆ ತಂದುಕೊಳ್ಳುತ್ತಿರಲಿಲ್ಲ. ಹೇಳಲೇಬೇಕಾದಾಗ ‘ಅದು’ ಎನ್ನುತ್ತಿದ್ದಳು. ಅಪ್ಪ ಏಳನೆಯ ತರಗತಿಯವರೆಗೆ ಓದಿದ್ದ, ಅವ್ವ ಸಹಿ ಮಾಡಲು ಕಲಿತಿದ್ದಳು, ಆಯಿಗೆ ಅದೂ ಬೇಕಾಗಿರಲಿಲ್ಲ. ಕೇರಳಕ್ಕೆ ಬಂದ ಮೇಲೆ ಮೂವರಿಗೂ ಹೊರಗಿನ ಜಗತ್ತು ನನ್ನ ಬಾಯಿಯ ಮೂಲಕವೇ ತಲುಪುತ್ತಿತ್ತು. ಮಲೆಯಾಳದ ಶಾಲೆಯಲ್ಲಿ ಓದುತ್ತಿದ್ದ ನಾನು ರೇಷನ್ ಅಂಗಡಿಯವನು ಹೇಳಿದ್ದನ್ನೂ, ಬಸ್ಸಿನ ಫಲಕದಲ್ಲಿದ್ದುದನ್ನೂ, ವೈದ್ಯರ ಮಾತನ್ನೂ ಕನ್ನಡಕ್ಕೆ ತಿರುಗಿಸಿ ಒಪ್ಪಿಸುತ್ತಿದ್ದೆ. ಒಂದು ಶಬ್ದ ತಪ್ಪಿದರೆ ಮನೆಗೆ ಏನಾದರೂ ಆಗಿಬಿಡುತ್ತದೆಂಬ ಹೆದರಿಕೆ ನನಗೆ ಆಗಿನಿಂದಲೇ ಇದೆ. ಇಂದಿಗೂ ಯಾರಾದರೂ ನನ್ನ ಮಾತನ್ನು ಪುಸ್ತಕದ ಮಾತಿನಂತಿದೆ ಎಂದು ಹೊಗಳಿದರೆ, ಅದು ಓದಿನಿಂದ ಬಂದದ್ದಲ್ಲವೆಂದು ಹೇಳಬೇಕೆನಿಸುತ್ತದೆ, ಹೇಳುವುದಿಲ್ಲ.

ನಾಯಿಯ ಹೆಸರು ಕೈಸರ್. ಅದು ನಮ್ಮ ಮನೆಗೆ ಬಂದದ್ದು ತಿರುವನಂತಪುರಕ್ಕೂ ಮೊದಲು ನಾವಿದ್ದ ಕೊಚ್ಚಿಯಲ್ಲಿ, ನನ್ನ ತಮ್ಮ ಶಿವುವಿನ ಹಿಂದೆ. ಅಪ್ಪನ ಜೊತೆ ಮಟ್ಟಾಂಚೇರಿಗೆ ಹೋಗಿದ್ದ ಶಿವು, ದೋಣಿಕಟ್ಟೆಯಲ್ಲಿ ಮಲಗಿದ್ದ ಕಂದುಬಣ್ಣದ ನಾಯಿಗೆ ತನ್ನ ಕೈಯಲ್ಲಿದ್ದ ರಸ್ಕಿನ ಅರ್ಧ ಮುರಿದುಕೊಟ್ಟನಂತೆ. ಆಗಲೇ ಪೂರ್ತಿ ಬೆಳೆದಿದ್ದ ಆ ನಾಯಿ ಶುಂಠಿಯ ಗೋದಾಮುಗಳ ಬೀದಿಯುದ್ದಕ್ಕೂ ಹಿಂಬಾಲಿಸಿ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಬಂದು ಕುಳಿತಿತು. ಅಲ್ಲಿನ ಪ್ರತಿ ಎರಡನೆಯ ನಾಯಿಗೆ ಇರುವ ಹೆಸರನ್ನೇ ಪಕ್ಕದ ಮನೆಯವರು ಅದಕ್ಕೂ ಇಟ್ಟರು. ಆಯಿಗೆ ಆ ಹೆಸರು ಹಿಡಿಸಲಿಲ್ಲ. ಅವಳು ಕೇಸರ್ಯಾ ಎಂದು ಕರೆದಳು, ನಾಯಿ ಅದಕ್ಕೂ ಬಾಲ ಅಲ್ಲಾಡಿಸಿತು. ಕೊಚ್ಚಿಯಲ್ಲಿ ಕೈಸರ್ ತಿಂದದ್ದು ನಮ್ಮದೇ ಊಟ: ಹಾಲಿನಲ್ಲಿ ನೆನೆಸಿದ ರೊಟ್ಟಿ, ಸಾರು ಕಲಸಿದ ಅನ್ನ. ಶಿವು ತನ್ನ ತಟ್ಟೆಯಲ್ಲಿ ಕೊನೆಯ ತುತ್ತನ್ನು ಯಾವಾಗಲೂ ಉಳಿಸುತ್ತಿದ್ದ. ಅವ್ವ ಬೈದರೆ, ತನಗೆ ಹೊಟ್ಟೆ ತುಂಬಿತೆಂದು ಅಂಗಿ ಎತ್ತಿ ತೋರಿಸುತ್ತಿದ್ದ. ಆ ಹೊಟ್ಟೆಯ ಮೇಲೆ, ಲಿಂಗದ ಬಟ್ಟೆಯ ಗಂಟಿನ ಕೆಳಗೆ, ನೀಲಿ ಕಲೆಗಳನ್ನು ಮೊದಲು ನೋಡಿದವಳು ಅವ್ವ. ಆಡುವಾಗ ಬಿದ್ದಿರಬೇಕೆಂದು ಎಣ್ಣೆ ಹಚ್ಚಿದಳು.

ಕಲೆಗಳು ಹೆಚ್ಚಿದವು, ಹುಡುಗ ಬಿಳುಚಿಕೊಂಡ. ನಮ್ಮ ಬೀದಿಯ ವೈದ್ಯರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಬಹಳ ಕಡಿಮೆಯಾಗಿದೆ, ಪರೀಕ್ಷೆಗಳಾಗಲಿ, ಅಲ್ಲಿಯವರೆಗೆ ಮಗುವಿಗೆ ಯಕೃತ್ತಿನ ಮಾಂಸ ಸಣ್ಣಗೆ ಹೆಚ್ಚಿ ಬೇಯಿಸಿ ಕೊಡಿ, ಖಾರ ಹಾಕಬೇಡಿ ಎಂದರು. ಅವರು ಅದನ್ನು ಬೇರೆ ರೋಗಿಗಳಿಗೆ ಹೇಳುವಷ್ಟೇ ಸಹಜವಾಗಿ ಹೇಳಿದರು. ಅಪ್ಪನಿಗೆ ಅರ್ಧ ಅರ್ಥವಾಗಿತ್ತು, ಉಳಿದರ್ಧಕ್ಕೆ ನನ್ನ ಮುಖ ನೋಡಿದ. ಆ ಸಂಜೆ ಮುಂದಿನ ಕೋಣೆಯಲ್ಲಿ ಎಲ್ಲರೂ ಕುಳಿತಿದ್ದಾಗ ನಾನು ವೈದ್ಯರ ಮಾತನ್ನು ಒಂದು ಅಕ್ಷರವೂ ಬಿಡದೆ ಹೇಳಿದೆ. ಶಿವು ಅಪ್ಪನ ತೊಡೆಯ ಮೇಲೆ ಮಲಗಿದ್ದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಳು. ಅಪ್ಪ ಅವಳ ಕಡೆ ತಿರುಗಿದ. ಅವಳು ಬಾಯಿ ತೆರೆಯುವ ಮೊದಲೇ ಆಯಿ ಹೇಳಿಬಿಟ್ಟಳು.

“ಕೂಸಿನ ಕೊರಳಾಗ ಲಿಂಗ ಐತಿ. ಅದು ನಮ್ಮ ಮನಿಯಾಗ ಬರಾಂಗಿಲ್ಲ. ಹಾಲು ಕುಡಸ್ರಿ, ತುಪ್ಪ ಹಾಕ್ರಿ, ಬ್ಯಾರೆ ಡಾಕ್ಟರಗ ತೋರಸ್ರಿ.”

ಅವ್ವ ಒಳಗೆ ಹೋದಳು. ಪಾತ್ರೆಗಳ ಸದ್ದು ಕೇಳಿಸಿತು. ಆ ವಿಷಯ ಅಲ್ಲಿಗೆ ಮುಗಿಯಿತು ಎಂದು ಬರೆಯುವುದು ಸುಲಭ. ಆದರೆ ಅದು ಅಲ್ಲಿಂದಲೇ ಆರಂಭವಾಯಿತು. ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ತಿರುವನಂತಪುರದ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದರು. ಅಪ್ಪ ಅಧಿಕಾರಿಗಳ ಮುಂದೆ ಕೈಮುಗಿದು ಅಲ್ಲಿಗೆ ವರ್ಗ ಮಾಡಿಸಿಕೊಂಡ. ನಮ್ಮ ಸಾಮಾನಿನ ಟೆಂಪೋದಲ್ಲಿ ಹಾಸಿಗೆಯ ಸುರುಳಿಗಳ ನಡುವೆ ಕೈಸರನೂ ಬಂದ. ಅವನನ್ನು ಬಿಟ್ಟು ಬರುವ ಮಾತೆತ್ತಿದಾಗ ಶಿವು ಜ್ವರದಲ್ಲೇ ಎದ್ದು ಕುಳಿತಿದ್ದ. ಹೊಸ ಮನೆಯಲ್ಲಿ ಶಿವು ಇದ್ದದ್ದಕ್ಕಿಂತ ಆಸ್ಪತ್ರೆಯಲ್ಲಿದ್ದದ್ದೇ ಹೆಚ್ಚು. ಮಳೆಗಾಲ ಮುಗಿಯುವ ಮೊದಲೇ ಅವನು ಹೋದ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಕೂರಿಸಿ ಮಣ್ಣು ಮಾಡುತ್ತಾರೆ, ಕೈಯಲ್ಲಿ ಲಿಂಗ ಇಟ್ಟು. ಆ ಊರಿನ ಸ್ಮಶಾನದವರಿಗೆ ಇದು ತಿಳಿಯದು. ಅಪ್ಪನ ಮಲೆಯಾಳ ಅಷ್ಟು ದೂರ ಹೋಗುತ್ತಿರಲಿಲ್ಲ. ಒಂದು ಕಡ್ಡಿ ತೆಗೆದುಕೊಂಡು ಒದ್ದೆ ನೆಲದ ಮೇಲೆ ಕಾಲು ಮಡಚಿ ಕುಳಿತ ಮಗುವಿನ ಚಿತ್ರ ಬರೆದು ತೋರಿಸಿದನೆಂದೂ, ಅಗೆಯುವವರು ತಲೆಯಾಡಿಸಿ ಗುಂಡಿಯನ್ನು ಆಳ ಮಾಡಿದರೆಂದೂ, ಅವನ ಜೊತೆ ಹೋಗಿದ್ದ ಕಚೇರಿಯವರೊಬ್ಬರು ಅನಂತರ ನಮ್ಮ ಮನೆಯಲ್ಲಿ ಹೇಳಿದರು. ಅಪ್ಪ ತಾನಾಗಿ ಅದನ್ನು ಎಂದೂ ಹೇಳಲಿಲ್ಲ. ಅಂದಿನಿಂದ ಅವ್ವ ಆಯಿಯೊಡನೆ ಮಾತು ಬಿಟ್ಟಳು. ಜಗಳವಾಡಲಿಲ್ಲ, ಅಳುತ್ತ ಶಪಿಸಲೂ ಇಲ್ಲ. ಆಯಿ ಇರುವ ದಿಕ್ಕಿಗೆ ಅವಳ ಮಾತು ಹೋಗುವುದು ನಿಂತಿತು, ಅಷ್ಟೇ.

ಕೈಸರ್ ಊಟ ಬಿಟ್ಟ. ರೊಟ್ಟಿ ಮೂಸಿ ನೋಡಿ ಮುಖ ತಿರುಗಿಸುತ್ತಿದ್ದ, ಹಾಲು ಹೆಪ್ಪುಗಟ್ಟುವವರೆಗೂ ಹಾಗೇ ಇರುತ್ತಿತ್ತು. ಪಕ್ಕೆಲುಬು ಕಾಣತೊಡಗಿದಾಗ ಅಪ್ಪ ಅವನನ್ನು ಸರ್ಕಾರಿ ಪಶು ಆಸ್ಪತ್ರೆಗೆ ಕರೆದೊಯ್ದ. ಮಾತು ತಿರುಗಿಸಿ ಹೇಳಲು ನಾನೂ ಹೋದೆ. ಆ ವೈದ್ಯರು ನಾಯಿಯ ಹೊಟ್ಟೆ ಒತ್ತಿ ನೋಡಿ, ಕಾಯಿಲೆ ಏನಿಲ್ಲ, ಮಾಂಸ ತಂದು ಸಣ್ಣಗೆ ಹೆಚ್ಚಿ ಬೇಯಿಸಿ ಅನ್ನದಲ್ಲಿ ಕಲಸಿ ಕೊಡಿ, ಖಾರ ಬೇಡ, ಈರುಳ್ಳಿ ಬೇಡ ಎಂದರು. ಅದೇ ಮಾತು. ಬಸ್ಸಿನಲ್ಲಿ ಬರುವಾಗ, ಇದನ್ನು ಮನೆಯಲ್ಲಿ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯಗಳನ್ನು ಜೋಡಿಸುತ್ತಿದ್ದೆ. ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಮನೆಗೆ ಬಂದು ನಾನು ಮುಂದಿನ ಕೋಣೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಆಯಿ ಮಂಚದ ಮೇಲಿದ್ದಳು. ಅವ್ವ ಮತ್ತೆ ಅಡುಗೆಮನೆಯ ಬಾಗಿಲಲ್ಲಿದ್ದಳು. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡೋಣ, ಈ ಊರಿನಲ್ಲಿ ಅದೆಲ್ಲ ತಿನ್ನುವವರು ಬಹಳ ಜನ ಇದ್ದಾರೆ ಎಂದು ಆಯಿ ಆರಂಭಿಸಿದಳು. ಅವ್ವ ಅವಳ ಮಾತು ಮುಗಿಯುವವರೆಗೂ ಕಾಯಲಿಲ್ಲ. ಅಪ್ಪನನ್ನು ನೋಡಿ ಹೇಳಿದಳು.

“ನಾಳಿಂದ ತರ್ರಿ. ನಾ ಹೆಚ್ಚಿ ಹಾಕ್ತೀನಿ.”

ಮಗನಿಗೆ ಬರಬಾರದಾಗಿದ್ದುದು ನಾಯಿಗೆ ಬಂತು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಹಾಗಾದರೆ ನನ್ನ ಊಟದ ಗಂಗಾಳವನ್ನು ಬೇರೆ ಇಡಿರಿ ಎಂದಳು ಆಯಿ. ಅವಳಿಗೆ ರೊಟ್ಟಿ ಬಡಿಯುವ ಕೆಲಸ ನನ್ನದಾಯಿತು. ನನ್ನ ಕೈ ಶುದ್ಧವಾಗಿರಬೇಕಾದ್ದರಿಂದ ಜಗುಲಿಯ ಹಲಗೆಯನ್ನಾಗಲಿ ಚಾಕುವನ್ನಾಗಲಿ ನಾನು ಮುಟ್ಟುವಂತಿಲ್ಲವೆಂದು ನಿಯಮವಾಯಿತು. ಅದನ್ನು ಮಾಡಿದವಳು ಅವ್ವ. ಆಯಿ ಹಸಿದಿರಬಾರದೆಂಬುದು ಅವಳಿಗೂ ಇತ್ತು ಎಂದು ನನಗೆ ಈಗ ಅನಿಸುತ್ತದೆ.

ಅಪ್ಪ ಡ್ಯೂಟಿಗೆ ಹೋಗುವ ಮೊದಲು ತೇಗದ ಎಲೆಯಲ್ಲಿ ಸುತ್ತಿದ ಪೊಟ್ಟಣವನ್ನು ಹಿತ್ತಲ ಗೇಟಿನಿಂದ ತಂದು ಒಗೆಯುವ ಕಲ್ಲಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೋಗುತ್ತಿದ್ದ. ಅದು ಯಾವ ಪ್ರಾಣಿಯದೆಂದು ಅವನು ಹೇಳಲಿಲ್ಲ, ಅವ್ವ ಕೇಳಲಿಲ್ಲ. ಆ ಮಾಂಸದಂಗಡಿಯ ಫಲಕದಲ್ಲಿ ಬರೆದಿದ್ದನ್ನು ಮನೆಯಲ್ಲಿ ಓದಬಲ್ಲವಳು ನಾನೊಬ್ಬಳೇ. ಒಪ್ಪಿಸದೆ ನನ್ನಲ್ಲೇ ಇಟ್ಟುಕೊಂಡ ಮೊದಲ ಮಾತು ಅದು. ಮೊದಲ ದಿನ ಅವ್ವ ಮಾಂಸವನ್ನು ಅಕ್ಕಿ ತೊಳೆದಂತೆ ತೊಳೆದಳು. ನೀರು ತಿಳಿಯಾಗಬೇಕೆಂಬುದು ಅವಳಿಗೆ ಗೊತ್ತಿದ್ದ ಒಂದೇ ಶುದ್ಧಿ. ಬಕೆಟ್ಟುಗಟ್ಟಲೆ ನೀರು ಸುರಿದರೂ ಕೆಂಪು ಹೋಗಲೊಲ್ಲದು. ಹಿಸುಕಿದಳು, ಮತ್ತೆ ನೆನೆಹಾಕಿದಳು, ಕಡೆಗೆ ತುಂಡುಗಳು ಒಗೆದ ಬಟ್ಟೆಯಂತೆ ಬೆಳ್ಳಗಾದವು. ಆಮೇಲೆ ಅವನ್ನು ಬದನೆಕಾಯಿಯಂತೆ ಹೋಳು ಮಾಡಿ, ಅರಿಸಿನ ಹಾಕಿ, ಬೇಳೆ ಬೇಯುವಷ್ಟು ಹೊತ್ತು ಕುದಿಸಿ ಇಟ್ಟಳು. ಕೈಸರ್ ಒಂದು ಹೋಳನ್ನು ಬಾಯಿಗೆ ತೆಗೆದುಕೊಂಡು, ಅಗಿದು ಅಗಿದು, ನೆಲಕ್ಕೆ ಬಿಟ್ಟು ನಮ್ಮನ್ನು ನೋಡಿದ. ಎರಡನೆಯ ದಿನವೂ ಹಾಗೆಯೇ. ಗೋಡೆಯಾಚೆಯಿಂದ ಇದೆಲ್ಲವನ್ನೂ ನೋಡುತ್ತಿದ್ದ ನಾವು ಓಮನ ಚೇಚಿ, ಎಂದರೆ ಓಮನಕ್ಕ, ಎಂದು ಕರೆಯುತ್ತಿದ್ದ ನೆರೆಯಾಕೆ ಮೂರನೆಯ ಸಲ ತಡೆಯಲಾರದೆ ಈಚೆಗೆ ಬಂದಳು.

“ಎಂಡೆ ಚೇಚೀ, ಇದ್ ಅರಿಯಲ್ಲ, ಇರಚ್ಚಿಯಾ. ಇಂಙನೆ ಕಳುಗಿಯಾಲ್ ಪಟ್ಟಿಕ್ಕ್ ಎಂದಾ ಬಾಕ್ಕಿ?”

ಇದು ಅಕ್ಕಿಯಲ್ಲ, ಮಾಂಸ. ಹೀಗೆ ತೊಳೆದರೆ ನಾಯಿಗೆ ಉಳಿಯುವುದೇನು ಎಂದು ನಾನು ಅವ್ವನಿಗೆ ಹೇಳಿದೆ. ಅವ್ವ ನಕ್ಕಳು. ಶಿವು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು, ಅದೂ ತುಟಿಯ ಒಂದು ತುದಿಯಲ್ಲಿ. ಓಮನ ಚೇಚಿ ಕಲಿಸಿದಳು: ಮೇಲಿನ ಬಿಳಿಯ ಪೊರೆಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ ಎಳೆದು ತೆಗೆಯಬೇಕು, ಎಳೆ ಯಾವ ಕಡೆ ಓಡುತ್ತದೆಯೋ ನೋಡಿ ಅದಕ್ಕೆ ಅಡ್ಡವಾಗಿ ಕೊಯ್ಯಬೇಕು, ಮೊದಲು ತೆಳ್ಳಗಿನ ಹಾಳೆಗಳು, ಹಾಳೆಗಳಿಂದ ಪಟ್ಟಿಗಳು, ಪಟ್ಟಿಗಳಿಂದ ಸಣ್ಣ ಕಾಳುಗಳು, ಆಮೇಲೆ ಒಂದು ಕೈಯಿಂದ ಚಾಕುವಿನ ಬೆನ್ನು ಒತ್ತಿ ಹಿಡಿದು ಇನ್ನೊಂದು ಕೈಯಿಂದ ತೂಗುತ್ತ ಕೊಚ್ಚಬೇಕು. ಅವ್ವನಿಗೆ ಅದು ಬೇಗನೆ ಬಂತು. ಏರುಪೇರಾದ ಒರಟು ಕೆಲಸ ಅವಳಿಗೆ ಎಂದೂ ಹಿಡಿಸುತ್ತಿರಲಿಲ್ಲ. ಚವಳಿಕಾಯಿಯನ್ನೂ ಒಂದೇ ಅಳತೆಯಲ್ಲಿ ಹೆಚ್ಚುವವಳು. ಸ್ವಲ್ಪ ದಿನಗಳಲ್ಲಿ ಮಾಂಸದ ಕಾಳುಗಳೂ ಒಂದೇ ಅಳತೆಯವಾದವು. ಆದರೆ ಕೆಲಸಕ್ಕೆ ಕುಳಿತುಕೊಳ್ಳುವ ಮೊದಲು ಅವಳು ತಾನಾಗಿ ಕಂಡುಕೊಂಡ ಒಂದು ಕ್ರಮವಿತ್ತು. ಲಿಂಗವನ್ನು ಮೈಯಿಂದ ತೆಗೆಯುವಂತಿಲ್ಲ. ಮಾಂಸದ ಎದುರಿಗೆ ಇರಿಸುವಂತೆಯೂ ಇಲ್ಲ. ಅವಳು ಶಿವದಾರವನ್ನು ಕೊರಳಿನಲ್ಲಿ ತಿರುಗಿಸಿ, ಲಿಂಗದ ಗಂಟನ್ನು ಬೆನ್ನಿನ ಮೇಲೆ ಬಿಟ್ಟುಕೊಂಡು, ಸೆರಗು ಸುತ್ತಿ ಸಿಕ್ಕಿಸುತ್ತಿದ್ದಳು. ಬಾಗಿ ಕೊಚ್ಚುವಾಗ ಆ ಗಂಟು ಅವಳ ಬೆನ್ನ ಮೇಲೆ ಸೆರಗಿನಡಿಯಲ್ಲಿ ಸಣ್ಣಗೆ ಅಲುಗಾಡುತ್ತಿತ್ತು.

ಆ ಚಾಕುವಿನ ಸದ್ದು ಮನೆಯ ಎಲ್ಲ ಮೂಲೆಗಳಿಗೂ ಕೇಳಿಸುತ್ತಿತ್ತು. ಆಯಿ ಸ್ನಾನ ಮಾಡಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂರುವ ಹೊತ್ತೂ ಅದೇ. ಅವ್ವ ಬೇಕೆಂದೇ ಆ ಹೊತ್ತನ್ನು ಆರಿಸಿಕೊಂಡಿದ್ದಳೆಂದು ನಾನು ಹೇಳಲಾರೆ; ಅಪ್ಪ ಪೊಟ್ಟಣ ತರುತ್ತಿದ್ದುದೇ ಆಗ. ಆದರೂ ಸದ್ದು ಏರಿದಾಗ ಆಯಿಯ ತುಟಿಗಳು ಮಂತ್ರದ ನಡುವೆ ನಿಲ್ಲುತ್ತಿದ್ದವು. ಸದ್ದು ನಿಂತ ಮೇಲೆ ಅವಳು ಮೊದಲಿನಿಂದ ಆರಂಭಿಸುತ್ತಿದ್ದಳು. ನಾನು ಇಬ್ಬರ ನಡುವಿನ ಕೋಣೆಯಲ್ಲಿ ಪಾಠ ಓದುತ್ತ, ಯಾವ ಕಡೆಯಿಂದ ಕರೆ ಬರುತ್ತದೋ ಎಂದು ಕಾಯುತ್ತಿದ್ದೆ.

“ನಿಮ್ಮ ಆಯಿ ಗುಳಿಗಿ ತಗೊಂಡ್ರೇನು ಕೇಳು,” ಎಂದು ಅವ್ವ ಕಳುಹಿಸುತ್ತಿದ್ದಳು.

“ನಾಯಿ ಉಂಡ್ತೇನು ಮೊದಲ ಕೇಳು. ಅದು ಉಂಡ ಮ್ಯಾಲ ನಂದೇನೈತಿ,” ಎಂದು ಆಯಿ ಹಿಂದಿರುಗಿಸುತ್ತಿದ್ದಳು.

ನಾನು ಅಡುಗೆಮನೆಗೆ ಬಂದು, ತಗೊಂಡಾರಂತ ಎನ್ನುತ್ತಿದ್ದೆ. ಎರಡು ಕೋಣೆಗಳನ್ನು ದಾಟುವಷ್ಟರಲ್ಲಿ ಮಾತಿನ ಮುಳ್ಳನ್ನು ತೆಗೆದು, ಉಳಿದುದನ್ನು ಒರೆಸಿ ಒಪ್ಪವಾಗಿ ಕೊಡುವುದು ನನಗೆ ಅಭ್ಯಾಸವಾಯಿತು. ಯಾವ ಶಬ್ದ ಯಾರಿಗೆ ಚುಚ್ಚುತ್ತದೆ, ಯಾವುದನ್ನು ಬಿಟ್ಟರೆ ವಾಕ್ಯ ಮುರಿಯದೆ ನಿಲ್ಲುತ್ತದೆ ಎಂಬುದನ್ನು ನಾನು ಕಲಿತದ್ದು ಆ ಮನೆಯಲ್ಲಿ. ಮುಂದೆ ಕಾಲೇಜಿನಲ್ಲಿ, ಆಮೇಲೆ ಕಚೇರಿಯಲ್ಲಿ, ಒಂದು ಸರಳ ಉತ್ತರಕ್ಕೂ ನಾನು ತೆಗೆದುಕೊಳ್ಳುವ ಹೊತ್ತನ್ನು ಕಂಡು ಜನ ತಾಳ್ಮೆ ಕಳೆದುಕೊಂಡದ್ದುಂಟು.

ಒಮ್ಮೆ ಅಪ್ಪನ ಅಕ್ಕ ಊರಿನಿಂದ ಕನ್ಯಾಕುಮಾರಿಗೆ ಹೊರಟವಳು ದಾರಿಯಲ್ಲಿ ನಮ್ಮಲ್ಲಿ ಇಳಿದುಕೊಂಡಳು. ಚಾಕು, ಹಲಗೆ, ಸ್ಟೋವ್ ಎಲ್ಲವೂ ಓಮನ ಚೇಚಿಯ ಮನೆಗೆ ಹೋದವು, ಕೈಸರನೂ ಹೋದ. ಆದರೂ ಜಗುಲಿಯ ಸಿಮೆಂಟಿಗೆ ಹಿಡಿದಿದ್ದ ವಾಸನೆ ಹೋಗಲಿಲ್ಲ. ಸಂಜೆ ಹಿತ್ತಲ ಬಾಗಿಲಲ್ಲಿ ಕುಳಿತ ಅತ್ತೆ ಮೂಗಿಗೆ ಸೆರಗು ಹಿಡಿದು, ಇದೇನು ನಾತ, ಯಾರ ಮನೆಯದು ಎಂದಳು. ಅವ್ವ ಒಳಗೆ ಹಿಟ್ಟು ನಾದುತ್ತಿದ್ದವಳು ಹಾಗೇ ನಿಂತಳು. ಊರಿಗೆ ಸುದ್ದಿ ಹೋದರೆ ನನ್ನ ಮದುವೆಯವರೆಗೂ ಅದು ನಮ್ಮನ್ನು ಬಿಡುವುದಿಲ್ಲವೆಂಬುದು ನನಗೂ ತಿಳಿಯುವ ವಯಸ್ಸು. ಮಂಚದ ಮೇಲಿಂದ ಆಯಿಯ ಉತ್ತರ ಬಂತು.

“ಈ ಊರs ಹಂಗ ಐತಿ ಮಗಳ. ಗಾಳಿ ಬೀಸಿದ್ರ ಮೀನ ನಾರತೈತಿ, ನಿಂತ್ರ ಕೊಬ್ಬರಿ ಎಣ್ಣಿ. ನೀ ಒಳಗ ಬಂದು ಕೂಡು.”

ಅತ್ತೆ ಎದ್ದು ಒಳಗೆ ಬಂದಳು. ಆಯಿ ಅವಳನ್ನು ಊರಿನ ಮಾತಿಗೆ ಎಳೆದುಕೊಂಡಳು. ಎರಡು ದಿನವೂ ಆಯಿ ನಮ್ಮೆಲ್ಲರ ಜೊತೆಗೇ, ಅವ್ವನ ಕೈಯ ಅಡುಗೆಯನ್ನೇ ಉಂಡಳು. ಅತ್ತೆ ಬಸ್ಸು ಹತ್ತಿದ ಮೇಲೆ ಗಂಗಾಳ ಮತ್ತೆ ಬೇರೆಯಾಯಿತು. ಇದರ ಅರ್ಥವೇನೆಂದು ಆಗ ನನಗೆ ತಿಳಿಯಲಿಲ್ಲ. ಅವ್ವನಿಗೆ ತಿಳಿಯಿತೋ ಇಲ್ಲವೋ, ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

ನಾನು ಕಾಲೇಜು ಸೇರಿ ಪ್ರಾಣಿಶಾಸ್ತ್ರ ಓದಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಾದ್ದರಿಂದ, ಅಲ್ಲಿ ಕಲಿತದ್ದರಿಂದ ಮನೆಗೆ ಏನಾದರೂ ಪ್ರಯೋಜನವಾಗಬೇಕೆಂಬ ಒತ್ತಾಯ ನನ್ನೊಳಗೆ ಯಾವಾಗಲೂ ಇತ್ತು. ರಕ್ತದ ಪಾಠ ಬಂದಾಗ ನಾನು ಗ್ರಂಥಾಲಯದಲ್ಲಿ ಕುಳಿತು, ಪಠ್ಯದಲ್ಲಿ ಇಲ್ಲದ್ದನ್ನೂ ಓದಿದೆ. ಆಸ್ಪತ್ರೆಯ ಚೀಟಿಯಲ್ಲಿದ್ದ ರೋಗದ ಹೆಸರು ನನಗೆ ನೆನಪಿತ್ತು. ಪಾಠ ಮಾಡುವವರನ್ನೂ ಕೇಳಿದೆ. ಶಿವುವಿಗೆ ಇದ್ದದ್ದು ರಕ್ತದ ಕ್ಯಾನ್ಸರ್. ಸಣ್ಣಗೆ ಹೆಚ್ಚಿ ಬೇಯಿಸಿದ ಯಾವ ಮಾಂಸವೂ ಅವನನ್ನು ಉಳಿಸುತ್ತಿರಲಿಲ್ಲ. ಆ ಬೀದಿಯ ವೈದ್ಯರು ರೋಗ ಇನ್ನೂ ತಿಳಿಯದಿದ್ದಾಗ ಸಾಮಾನ್ಯವಾಗಿ ಹೇಳುವುದನ್ನು ಹೇಳಿದ್ದರು, ಅಷ್ಟೇ. ಈ ಸುದ್ದಿಯನ್ನು ನಾನು ಒಂದು ಬಹುಮಾನವನ್ನು ತರುವಂತೆ ಮನೆಗೆ ತಂದೆ. ಬೆಳಿಗ್ಗೆ ಜಗುಲಿಯಲ್ಲಿ ಅವ್ವ ಪೊರೆ ಬಿಡಿಸುತ್ತಿದ್ದಾಗ ಹೊಸ್ತಿಲ ಈಚೆ ಕುಳಿತು, ಸಾಧ್ಯವಾದಷ್ಟು ಸರಳವಾಗಿ, ಒಂದು ಇಂಗ್ಲಿಷ್ ಶಬ್ದವನ್ನೂ ಬಳಸದೆ ವಿವರಿಸಿದೆ. ಅವ್ವ ಕೊನೆಯವರೆಗೂ ಕೇಳಿದಳು.

“ನೀ ಓದಿದಾಕಿ. ಖರೇನ ಇರಬೇಕು,” ಎಂದಳು. ಆಮೇಲೆ ಚಾಕುವನ್ನು ಹಲಗೆಯ ಅಂಚಿಗೆ ಒರೆಸುತ್ತ, “ಉಳಿಸೂದು ಬ್ಯಾರೆ, ಕಸ್ತೂರಿ, ಉಣಿಸೂದು ಬ್ಯಾರೆ,” ಎಂದು ನನ್ನ ಹೆಸರು ಹಿಡಿದು ಹೇಳಿದಳು.

ಆ ಮಾತನ್ನು ಯಾವ ಪುಸ್ತಕದಲ್ಲಿ ಹುಡುಕಬೇಕೆಂಬುದು ನನಗೆ ತಿಳಿಯಲಿಲ್ಲ.

ಕೈಸರನಿಗೆ ವಯಸ್ಸಾಯಿತು. ಮೂತಿಯ ಸುತ್ತ ಬೆಳ್ಳಗಾದ ಮೇಲೆ ಅವನ ಹಲ್ಲುಗಳು ಒಂದೊಂದಾಗಿ ಹೋದವು. ಕಡಲೆಕಾಳಿನಷ್ಟಿದ್ದ ಮಾಂಸದ ತುಂಡು ಗೋಧಿಕಾಳಿನಷ್ಟಾಯಿತು, ಆಮೇಲೆ ಸಾಸಿವೆಯಷ್ಟಾಯಿತು. ಅವ್ವನ ಮಣಿಕಟ್ಟಿನಲ್ಲಿ ನೋವು ಬಂದು, ಬಟ್ಟೆ ಸುತ್ತಿಕೊಂಡು ಕೊಚ್ಚುತ್ತಿದ್ದಳು. ಮೊದಲಿನ ವೇಗ ಇರಲಿಲ್ಲ, ಕುಳಿತರೆ ಬಿಸಿಲು ಒಗೆಯುವ ಕಲ್ಲಿನವರೆಗೆ ಬರುತ್ತಿತ್ತು. ನಾಯಿ ಪಕ್ಕದಲ್ಲೇ ಮಲಗಿ, ತಲೆ ಎತ್ತದೆ ಕಣ್ಣು ಮಾತ್ರ ಚಾಕುವಿನ ಜೊತೆ ಆಡಿಸುತ್ತಿತ್ತು. ಒಳಗೆ ಆಯಿಯೂ ಸೋತಿದ್ದಳು. ಅವಳಿಗೂ ಹಲ್ಲಿರಲಿಲ್ಲ. ಊರಿನಿಂದ ಯಾರಾದರೂ ಜೋಳದ ಹಿಟ್ಟು ತಂದಾಗ ನಾನು ರೊಟ್ಟಿ ಬಡಿದು, ಚೂರು ಮಾಡಿ, ಹಾಲಿನಲ್ಲಿ ಕರಗುವವರೆಗೆ ನೆನೆಸಿ ಕೊಡುತ್ತಿದ್ದೆ. ಹಿಟ್ಟು ಇಲ್ಲದಿದ್ದಾಗ ಆ ಊರಿನ ದಪ್ಪ ಕುಚ್ಚಲಕ್ಕಿಯನ್ನು ಹಿಚುಕಿ ಹಿಚುಕಿ ಗಂಜಿ ಮಾಡುತ್ತಿದ್ದೆ. ಒಂದು ದಿನ ಗಂಗಾಳ ತೆಗೆದುಕೊಳ್ಳುವಾಗ ಅವಳು, ಕೇಸರ್ಯಾಗೂ ಹಿಂಗs ಮಾಡ್ತಾಳೇನು ನಿಮ್ಮವ್ವ ಎಂದು ಕೇಳಿದಳು. ಹೌದೆಂದೆ. ಅವಳು ತಲೆಯಾಡಿಸಿ ಉಂಡಳು. ಆ ಮಾತನ್ನು ನಾನು ಅವ್ವನಿಗೆ ಮುಟ್ಟಿಸಲಿಲ್ಲ. ಅದರಲ್ಲಿ ಮುಳ್ಳಿತ್ತೋ ಇಲ್ಲವೋ ನನಗೆ ನಿಶ್ಚಯವಾಗಲಿಲ್ಲ.

ಪದವಿಯ ಕೊನೆಯ ಪರೀಕ್ಷೆಗೆ ನಾನು ಮನೆಯಲ್ಲಿ ಓದುತ್ತಿದ್ದ ದಿನಗಳವು. ಎಂದಿನಂತೆ ನಡುವಿನ ಕೋಣೆಯಲ್ಲಿ ಕುಳಿತಿದ್ದೆ. ಹೊರಗೆ ಚಾಕು ನಿಧಾನವಾಗಿ ನಡೆಯುತ್ತಿತ್ತು. ಮುಂದಿನ ಕೋಣೆಯಲ್ಲಿ ಮಂಚದ ಸದ್ದಾಯಿತು, ಗೋಡೆ ಹಿಡಿದುಕೊಂಡು ಆಯಿ ನನ್ನನ್ನು ದಾಟಿ ಅಡುಗೆಮನೆಗೆ ಹೋದಳು. ನೀರು ಬೇಕಾಗಿರಬಹುದೆಂದು ನಾನೂ ಎದ್ದೆ. ಅವಳು ನೀರಿನ ಕೊಡವನ್ನೂ ದಾಟಿ, ಹಿತ್ತಲ ಬಾಗಿಲ ಹೊಸ್ತಿಲ ಮೇಲೆ, ಒಂದು ಕೈಯನ್ನು ಚೌಕಟ್ಟಿಗೆ ಆನಿಸಿ ನಿಧಾನವಾಗಿ ಕುಳಿತಳು. ಚಾಕು ನಡೆಯುವ ಹೊತ್ತಿನಲ್ಲಿ ಅವಳು ಆ ಕಡೆ ಬಂದವಳೇ ಅಲ್ಲ. ಅವ್ವ ತಲೆ ಎತ್ತಲಿಲ್ಲ, ಕೈ ನಿಲ್ಲಿಸಲೂ ಇಲ್ಲ. ಆಯಿ ಹಲಗೆಯನ್ನು ಬಹಳ ಹೊತ್ತು ನೋಡಿದಳು.

“ಇನ್ನೂ ಸಣ್ಣ ಆಗಬೇಕದು. ಅದಕ ಹಲ್ಲಿಲ್ಲ.”

ಚಾಕು ನಿಂತಿತು. ಮಾತನ್ನು ಒಯ್ಯಲು ಅಭ್ಯಾಸಬಲದಿಂದ ನಾನು ಒಂದು ಹೆಜ್ಜೆ ಮುಂದಿಟ್ಟೆ. ಆದರೆ ಅವ್ವ ತಾನೇ ಉತ್ತರ ಕೊಟ್ಟಳು.

“ಮಾಡಾಕತ್ತೀನ್ರಿ.”

ಶಿವು ಹೋದ ಮೇಲಿನ ಅಷ್ಟೂ ವರ್ಷಗಳಲ್ಲಿ ಅವರಿಬ್ಬರ ನಡುವೆ ನೇರವಾಗಿ ಹೋದ ಮೊದಲ ಮಾತು ಅದು. ಚಾಕು ಮತ್ತೆ ನಡೆಯಿತು. ಹಿತ್ತಲ ಗೋಡೆಯ ಮೇಲೆ ಕಾಗೆಗಳು ಬಂದು ಕುಳಿತಿದ್ದವು. ಆಯಿ ಅವುಗಳನ್ನು ನೋಡುತ್ತ ಹೇಳಿದಳು.

“ಆವತ್ತ ನಾ ಬಾಯಿ ಮುಚಗೊಂಡಿದ್ರ ನೀ ಹುಡುಗಗ ಇದನ್ನ ಮಾಡಿ ಹಾಕ್ತಿದ್ದಿ. ನಾನs ಅಡ್ಡ ಬಂದೆ ನೀಲವ್ವ.”

ಅವ್ವ ಕೊಚ್ಚುತ್ತಲೇ ಇದ್ದಳು. ಅವಳು ಹೌದೆನ್ನುತ್ತಾಳೆಂದು ನಾನು ಕಾದೆ. ಅಷ್ಟು ವರ್ಷಗಳ ಕಾಲ ಆ ಒಂದು ಮಾತಿನ ಮೇಲೆಯೇ ಅವಳು ಬದುಕಿದ್ದಳೆಂದು ನಾನು ತಿಳಿದಿದ್ದೆ. ಕೈ ನಿಧಾನವಾಯಿತು, ಆಮೇಲೆ ಪೂರ್ತಿ ನಿಂತಿತು.

“ಇಲ್ರಿ ಅತ್ತಿ,” ಎಂದಳು. “ನೀವು ಹೂಂ ಅಂದಿದ್ರೂ ನಾ ಮಾಡ್ತಿದ್ದಿಲ್ಲ. ಆವಾಗ ನನಗ ಮುಟ್ಟಾಕ ಆಗ್ತಿದ್ದಿಲ್ಲ. ನೀವು ಅಂದಮ್ಯಾಲ ಒಳಗ ಹೋಗಿ, ಸದ್ಯ ಪಾರಾದೆ ಅಂದ್ಕೊಂಡೆ.”

ಇದನ್ನು ಹೇಳಿ ಅವಳು ಹಲಗೆಯನ್ನೇ ನೋಡುತ್ತ ಕುಳಿತಳು. ಆಯಿ ಆಶ್ಚರ್ಯಪಡಲಿಲ್ಲ.

“ಗೊತ್ತಿತ್ತು,” ಎಂದಳು. “ಬಾಗಲಾಗ ನಿಂತಾಗ ನಿನ್ನ ಮಾರಿ ನೋಡಿದ್ದೆ. ಒಲ್ಲೆ ಅನ್ನೂದಿತ್ತು ನಿನ್ನ ಬಾಯಾಗ. ಹಡದಾಕಿ ಬಾಯಿಂದ ಆ ಮಾತು ಬರಬಾರದು ಅಂತ ನಾನs ಮೊದಲ ಅಂದಬಿಟ್ಟೆ.”

ಅವ್ವನ ಎರಡೂ ಕೈಗಳು ಮಾಂಸದಿಂದ ಒದ್ದೆಯಾಗಿದ್ದವು. ಅವುಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ಅವಳು ಅಳುತ್ತಿದ್ದಳು, ಕಣ್ಣೊರೆಸಿಕೊಳ್ಳಲು ಆಗುವಂತಿರಲಿಲ್ಲ. ಆಯಿ ಮುಂದಕ್ಕೆ ಬಾಗಿ, ಹೊಸ್ತಿಲಿನಿಂದ ಕೈ ಚಾಚಿ, ತನ್ನ ಸೆರಗಿನ ತುದಿಯಿಂದ ಅವಳ ಮುಖ ಒರೆಸಿದಳು. ಮತ್ತೆ ಒದ್ದೆಯಾದಾಗ ಮತ್ತೆ ಒರೆಸಿದಳು. ಸ್ಟೋವಿನ ಮೇಲೆ ನೀರು ಕುದಿದು ಕುದಿದು ಅರ್ಧಕ್ಕೆ ಇಳಿದಿತ್ತು, ಹಲಗೆಯ ಮೇಲೆ ಕೊಚ್ಚಬೇಕಾದುದು ಇನ್ನೂ ಉಳಿದಿತ್ತು. ಕೈಸರ್ ಹಸಿದು, ಏಳಲಾರದೆ ಎದ್ದು, ಕಾಲು ನಡುಗಿಸುತ್ತ ನಿಂತಿದ್ದ. ಅವ್ವ ಚಾಕುವಿಗೆ ಕೈ ಹಾಕುವ ಸ್ಥಿತಿಯಲ್ಲಿರಲಿಲ್ಲ. ನಾನು ದುಪಟ್ಟಾವನ್ನು ಸೊಂಟಕ್ಕೆ ಕಟ್ಟಿಕೊಂಡು ಹಿತ್ತಲ ಬಾಗಿಲಿಗೆ ಹೋದೆ. ಆ ದಿನ ಆಯಿಯ ಊಟಕ್ಕೆ ರೊಟ್ಟಿ ಆಗಬೇಕಾದದ್ದು ನನ್ನ ಕೈಯಿಂದಲೇ, ಆ ಚಾಕು ಮುಟ್ಟಿದರೆ ನನ್ನ ಕೈಯೂ ಶುದ್ಧವಾಗಿ ಉಳಿಯದೆಂಬುದು ಅವಳಿಗೂ ಗೊತ್ತಿತ್ತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಕಾಲು ಮಡಚಿಕೊಂಡು ನನಗೆ ದಾರಿ ಬಿಟ್ಟಳು.